ಮೂವತ್ತೊಂಬತ್ತು ನಿಮಿಷ

ಮೂವತ್ತೊಂಬತ್ತು ನಿಮಿಷ ಅನ್ನುತ್ತದೆ ಪರದೆ, ಎಡಗಡೆ ಸಣ್ಣ ಅಕ್ಷರದಲ್ಲಿ, ಆ ಅಂಕಿಯ ಮೇಲೆ ಒಂದು ನೊಣ ಕೂತಿದೆ, ಊದಿದರೂ ಏಳುವುದಿಲ್ಲ, ಗಾಜಿನ ಬಿಸಿ ಅದಕ್ಕೆ ಹಿತವಾಗಿರಬೇಕು — ಏಳು ವರ್ಷದ ಕಂಪ್ಯೂಟರು ಹೊಸ ವಿಂಡೋಸ್ ಎಕ್ಸ್‌ಪಿಯನ್ನು ಹೊಟ್ಟೆಗಿಳಿಸಿಕೊಳ್ಳುತ್ತ ಗರಗರ ಅನ್ನುತ್ತಿದೆ, ನಡುನಡುವೆ ಉಸಿರು ನಿಂತಂತೆ ಸುಮ್ಮನಾಗುತ್ತದೆ, ಮತ್ತೆ ಗರಗರ. ಹೊರಗೆ ಕಬ್ಬಿನ ಟ್ರ್ಯಾಕ್ಟರು ಹೋದರೆ ಶಟರು ನಡುಗುತ್ತದೆ, ಮೇಜು ನಡುಗುತ್ತದೆ. ಅಣ್ಣ ಚಹಾ ತರಲು ಹೋಗಿದ್ದಾನೆ. ಮೂಡಲಗಿಯಲ್ಲಿ ಕನ್ನಡ ಟೈಪು ಮಾಡಿಕೊಡುವ ಅಂಗಡಿ ಅಂದರೆ ಮೊದಲು ನಮ್ಮದೇ, ಹೊರಗಿನ ಬೋರ್ಡಿನಲ್ಲಿ ಕಾಶಿನಾಥ ಎಂದು ಅಣ್ಣನ ಹೆಸರು, ಒಳಗೆ ಕುಟ್ಟುವ ಬೆರಳು ಮಾತ್ರ ನನ್ನವು, ಎಷ್ಟು ಲಗ್ನಪತ್ರಿಕೆ, ಎಷ್ಟು ಸೊಸಾಯಿಟಿ ನೋಟೀಸು, ಊರಿನ ಅರ್ಧ ಮದುವೆಗಳನ್ನು ನಾನೇ ಮಾಡಿಸಿದಂತೆ ಅನ್ನಿಸುತ್ತದೆ ಒಮ್ಮೊಮ್ಮೆ. ಈಗಿನವರು ಕೊರಳಿಗೆ ದಾರ ಕಟ್ಟಿ ಬೆರಳುದ್ದದ ಪೆನ್‌ಡ್ರೈವ್ ತರುತ್ತಾರೆ, ನಮ್ಮ ಹಳೆಯ ವಿಂಡೋಸ್ ತೊಂಬತ್ತೆಂಟು ಅದನ್ನು ಗುರುತೇ ಹಿಡಿಯುವುದಿಲ್ಲ, ಏನ ದಾಕ್ಷಾಯಿಣಕ್ಕ, ನಿಮ್ಮ ಮಷೀನಿಗಿ ವಯಸ್ಸಾತ ನೋಡ್ರಿ, ಅನ್ನುತ್ತ ಗೋಕಾಕದ ಬಸ್ಸು ಹತ್ತುತ್ತಾರೆ. ಹೊಸದ ಹಾಕೂಣು ದಾಕ್ಷಿ, ಅಂದವನು ಅಣ್ಣನೇ, ಸಿಡಿ ತಂದವನೂ ಅವನೇ, ಎಲ್ಲಾ ಅಳಿಸೇ ಹಾಕೂದ ಚೊಲೋ ಅಂತ, ಹಳೇದ ಏನೂ ಉಳಸಬ್ಯಾಡ, ಅಂದ — ತಾನು ಒಳಗಿಟ್ಟದ್ದನ್ನು ಮರೆತು ಅಂದನೋ, ನೆನಪಿಟ್ಟುಕೊಂಡು ಅಂದನೋ, ಅವನ ಮುಖವನ್ನು ನಾನಾಗ ನೋಡಲಿಲ್ಲ, ಸಿಡಿಯ ಹಿಂಬದಿಯನ್ನು ಬೆಳಕಿಗೆ ಹಿಡಿದು ಗೀರು ಬಿದ್ದಿದೆಯೇ ಎಂದು ನೋಡುತ್ತಿದ್ದೆ.

ಆದರೂ ಗಿರಾಕಿಗಳದ್ದನ್ನು ಹಾಗೆ ಅಳಿಸಲಾಗುತ್ತದೆಯೇ, ಬೆಳಿಗ್ಗೆ ಒಂಬತ್ತಕ್ಕೇ ಫ್ಲಾಪಿಗಳ ಡಬ್ಬಿ ಇಟ್ಟುಕೊಂಡು ಕೂತೆ, ಒಂದೊಂದರ ಹೊಟ್ಟೆ ಬೊಗಸೆಯಷ್ಟು, ತುಂಬಿತು ಅನ್ನುತ್ತದೆ, ತೆಗೆ, ಇನ್ನೊಂದು ತುರುಕು, ಹೆಸರು ಬರೆ. ಮದುವೆಗಳು ಮುಗಿದವು, ತೊಟ್ಟಿಲುಗಳು ಮುಗಿದವು, ಅಣ್ಣನ ಹೆಸರಿನ ಫೋಲ್ಡರು ಉಳಿಯಿತು, ಒಳಗೆ ಐದೇ ಫೈಲು, ಒಂದೇ ಬೆರಳಿನಿಂದ ಕೋಳಿ ಕಾಳು ಹೆಕ್ಕಿದಂತೆ ಕುಟ್ಟುವವನು, ಅವನು ಬರೆದದ್ದು ಎಷ್ಟಿದ್ದೀತು, ಕೊನೆಯದರ ಹೆಸರು ಎಚ್‌ಕೆಆರ್. ಹುಕ್ಕೇರಿಯ ಯಾರದೋ ಕೆಲಸ, ಬೇಕಾದೀತು ಎಂದು ತೆರೆದೆ. ಶ್ರೀ ರಾಚಪ್ಪನವರಿಗೆ, ಮುಕ್ಕಾಂ ಹುಕ್ಕೇರಿ, ತಮ್ಮ ಮಗನಿಗೆ ಗೊತ್ತುಮಾಡಿದ ಮೂಡಲಗಿಯ ಕನ್ಯೆಗೆ ಮೂರ್ಛೆರೋಗವಿದೆ, ಸಣ್ಣವಳಿದ್ದಾಗ ಎರಡು ಸಲ ಬಿದ್ದವಳು, ಮನೆಯವರು ಮುಚ್ಚಿಟ್ಟಿದ್ದಾರೆ, ಮೋಸ ಹೋಗಬೇಡಿರಿ, ಇಂತಿ ತಮ್ಮ ಹಿತಚಿಂತಕ. ಒಟ್ಟು ಏಳು ಸಾಲು. ಮೊದಲ ಸಲ ಓದಿದಾಗ ಅಯ್ಯೋ ಯಾರ ಮನೆಯ ಹುಡುಗಿಯೋ ಅನ್ನಿಸಿತು, ಖಂಡಿತ ಹಾಗೇ ಅನ್ನಿಸಿತು, ಪಾಪ ಎಂದುಕೊಂಡೆ, ಆಮೇಲೆ ಕಣ್ಣು ಮೂಡಲಗಿ ಅನ್ನುವ ಪದಕ್ಕೆ ಹಿಂದಿರುಗಿತು, ರಾಚಪ್ಪ ಅನ್ನುವ ಹೆಸರಿಗೆ ಹೋಯಿತು, ಅಲ್ಲಿಂದ ಫೈಲಿನ ತಾರೀಖಿಗೆ, ಹನ್ನೊಂದು ಫೆಬ್ರುವರಿ ತೊಂಬತ್ತೊಂಬತ್ತು, ಮಧ್ಯಾಹ್ನ ಮೂರು ಇಪ್ಪತ್ತು. ಆರು ವರ್ಷ ಇದೇ ಕುರ್ಚಿಯ ಮೇಲೆ ಕೂತಿದ್ದೇನೆ, ಇದೇ ಪೆಟ್ಟಿಗೆಯ ಧೂಳನ್ನು ದಿನಾ ಒರೆಸಿದ್ದೇನೆ, ಅದು ಒಳಗೇ ಇತ್ತು.

ಹುಕ್ಕೇರಿಯ ಮಾಸ್ತರರು, ರಾಚಪ್ಪನವರ ಮಗ, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ಹೆಸರನ್ನು ನಾನು ಮನಸ್ಸಿನಲ್ಲಿಯೂ ಹೇಳುವುದಿಲ್ಲ, ಈಗ ಅವರಿಗೆ ಎರಡು ಮಕ್ಕಳಂತೆ. ನನ್ನನ್ನು ನೋಡಲು ಬಂದ ದಿನ ಅಪ್ಪ ಬದುಕಿದ್ದ, ಅವ್ವ ಅವಲಕ್ಕಿ ಮಾಡಿದ್ದಳು, ಎಲ್ಲರೂ ನನ್ನ ಓದು ಕೇಳಿದರು, ಅಡುಗೆ ಕೇಳಿದರು, ಮಾಸ್ತರರು ಕೇಳಿದ್ದು ಒಂದೇ ಮಾತು, ಲಗ್ನ ಆದ ಮ್ಯಾಲೂ ಟೈಪಿಂಗ್ ಮಾಡಬೇಕಂತೀರೇನ್ರಿ. ನಾನು ಹೂಂ ಅಂದೆ, ಅಪ್ಪ ಕೆಮ್ಮಿದ, ಅವರು ನಕ್ಕರು, ಹಂಗಾದ್ರ ಹುಕ್ಕೇರ್ಯಾಗ ಒಂದ ಅಂಗಡಿ ಹಾಕೂಣ್ರಿ, ನಮ್ಮ ಸಾಲಿ ಪ್ರಶ್ನಪತ್ರಿಕಿ ಸೈತ ಗೋಕಾಕಕ್ಕ ಹೊಕ್ಕಾವ. ಅಷ್ಟೇ. ಹುಕ್ಕೇರಿಯಲ್ಲಿ ಒಂದು ಅಂಗಡಿ, ನನ್ನ ಹೆಸರಿನ ಬೋರ್ಡು, ದಾಕ್ಷಾಯಿಣಿ ಎಂದು ದೊಡ್ಡದಾಗಿ, ನಾನೇ ಅಕ್ಷರ ಆರಿಸಿಕೊಳ್ಳಬಹುದು — ಆ ಸಂಜೆಯೇ ಯಾರಿಗೂ ಕಾಣದಂತೆ ಹೆಸರನ್ನು ಹನ್ನೆರಡು ಥರದ ಅಕ್ಷರದಲ್ಲಿ ಹಾಕಿ ನೋಡಿ ಅಳಿಸಿದ್ದೆ. ಅಣ್ಣ ಬಾಗಿಲ ಬಾಜೂ ನಿಂತಿದ್ದ, ಮಾಸ್ತರರ ಮಾತು ಕೇಳಿ ಅವನೂ ನಕ್ಕಿದ್ದ, ನನಗೆ ನೆನಪಿದೆ, ಅವರ ಕೈಗೆ ಎಲೆ ಅಡಿಕೆಯ ತಾಟು ಕೊಟ್ಟವನೂ ಅವನೇ.

ಹದಿನೈದು ದಿನಕ್ಕೆ ಹುಕ್ಕೇರಿಯಿಂದ ಬರ್ರಿ ಎಂದು ಹೇಳಿಕಳಿಸಿದರು, ಅಪ್ಪನ ಮೊಣಕಾಲು ನೋಯುತ್ತಿತ್ತು, ಅಣ್ಣ ಹೋದ, ಇಳಿಹೊತ್ತಿಗೆ ಬಂದ, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತ, ಅತ್ತ. ಖರೇನೇ ಅತ್ತ. ಯಾರೋ ಕಾಗದ ಬರದಾರ ದಾಕ್ಷಿ, ನಿನ್ನ ಆ ಸಣ್ಣಾಕಿದ್ದಾಗಿನ ಮಾತ ಬರದಾರ, ಅವರು ಒಲ್ಲೆ ಅಂದ್ರು. ಆ ಮಾತು, ಆರು ವರ್ಷದವಳಿದ್ದಾಗ ಜ್ವರ ನೆತ್ತಿಗೇರಿ ಎರಡು ಸಲ ಬಿದ್ದದ್ದು, ಆಮೇಲೆ ಇವತ್ತಿನವರೆಗೆ ಒಂದು ದಿನ ತಲೆಸುತ್ತಿದವಳಲ್ಲ. ಕಾಗದ ಎಲ್ಲೈತಿ ಅಂದೆ, ಸಿಟ್ಟ ಬಂದು ಅಲ್ಲೇ ಹರದ ಒಗದೆ ಅಂದ. ಕೈಬರಹವೋ ಟೈಪೋ ಅಂದೆ, ಕೈಲೆ ಬರದದ್ದವಾ, ಗುರುತ ಸಿಗಾಂಗಿಲ್ಲ, ಅಂದ. ನಾನು ಟೈಪು ಮಾಡುವವಳು, ಪ್ರಿಂಟು ನೋಡಿದರೆ ಯಾವ ಊರಿನ ಯಾವ ಯಂತ್ರದ್ದೆಂದು ಹೇಳಬಲ್ಲವಳು, ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಅಂದ. ರಾತ್ರಿ ಊಟಕ್ಕೆ ಕೂತಾಗ ತಾನು ಉಣ್ಣದೆ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕುತ್ತ ಕೇಳಿದ, ಈ ಮಾತ ಮನಿ ಬಿಟ್ಟ ಹೊರಗ ಯಾರಿಗರೆ ಗೊತ್ತೈತೇನ. ಅಲ್ಲಿಂದ ಸುಂದ್ರಿಯ ಹೆಸರು ಬಂತು.

ಸುಂದ್ರವ್ವ, ಮಮದಾಪುರದವಳು, ಗೋಕಾಕದ ಟೈಪಿಂಗ್ ಕ್ಲಾಸಿನಲ್ಲಿ ನನ್ನ ಬಾಜೂ ಮಷೀನಿನವಳು, ಎರಡು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು, ನನ್ನ ಝುಣಕ ಅವಳಿಗೆ, ಅವಳ ಕೆಂಪು ಚಟ್ನಿ ನನಗೆ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಒಂದು ದಿನ ಅವಳು ತನ್ನ ಅಪ್ಪ ಕುಡಿದು ಬರುವುದನ್ನು ಹೇಳಿದಳು, ನಾನು ನನ್ನ ಮೂರ್ಛೆ ಹೇಳಿದೆ, ಸರಿಗೆ ಸರಿ, ಯಾರಿಗೂ ಹೇಳಬ್ಯಾಡ ಅಂದೆ, ನಿನ್ನಾಣೆ ಅಂದಳು. ಹೊರಗೆ ಗೊತ್ತಿದ್ದವಳು ಅವಳೊಬ್ಬಳೇ, ಹಾಗಾದರೆ ಅವಳೇ, ಲೆಕ್ಕ ಎಷ್ಟು ಸಲೀಸಾಗಿತ್ತು. ಮದುವೆ ಮುರಿದ ಸುದ್ದಿ ಕೇಳಿ ಅವಳು ಮೂಡಲಗಿಗೆ ಓಡಿ ಬಂದಳು, ಅಂಗಡಿಯ ಮೆಟ್ಟಿಲ ಮೇಲೆ ನಿಂತಳು, ದಾಕ್ಷಿ ಅಂದಳು, ನಾನು ಕುಟ್ಟುವುದನ್ನು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ, ಎಂಥಾಕಿ ನೀ, ಹೋಗಿನ್ನ, ನಿನ್ನ ಮಾರಿ ತೋರಸಬ್ಯಾಡ, ಅಂದೆ. ಏನಾತು ಹೇಳರೆ ಹೇಳ ದಾಕ್ಷಿ, ಅಂದಳು. ಯಾವ ತಪ್ಪಿಗೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎರಡು ಕಾಗದ ಬರೆದಳು, ಒಡೆಯದೆ ಒಲೆಗೆ ಹಾಕಿದೆ, ತನ್ನ ಮದುವೆಗೆ ಕರೆದಳು, ಹೋಗಲಿಲ್ಲ, ಅದೇ ಊರಿನಲ್ಲಿದ್ದು ಅಂಗನವಾಡಿಯಲ್ಲಿ ಟೀಚರ ಆಗಿದ್ದಾಳೆಂದು ಯಾರೋ ಅಂದರು, ಕೇಳದವಳಂತೆ ಎದ್ದುಹೋದೆ.

ಬೆಳಿಗ್ಗೆ ಫೈಲನ್ನು ಫ್ಲಾಪಿಗೆ ಹಾಕುವುದೋ ಬಿಡುವುದೋ ಎಂದು ಎಷ್ಟು ಹೊತ್ತು ಕೂತೆನೋ, ಆಮೇಲೆ ತಿಳಿಯಿತು, ಹಾಕಿದರೂ ಅಷ್ಟೇ, ಹಳೆಯ ಕನ್ನಡ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅದು ಇಂಗ್ಲಿಷ್ ಅಕ್ಷರಗಳ ಕಸ, ಯಾರಿಗೂ ಏನೂ ಹೇಳುವುದಿಲ್ಲ. ಪ್ರಿಂಟರಿಗೆ ಕಾಗದ ಹಚ್ಚಿದೆ, ಕಿರ್ರೆಂದು ಏಳು ಸಾಲು ಬಂತು, ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡೆ. ಆಮೇಲೆ ಸಿಡಿ. ನೀಲಿ ಪರದೆ ಕೇಳಿತು, ಅಳಿಸಲು ಡಿ ಒತ್ತು, ಖಾತ್ರಿಯಿದ್ದರೆ ಎಲ್ ಒತ್ತು, ಡಿ ಒತ್ತಿದೆ, ಎಲ್ ಒತ್ತಿದೆ, ಖಾತ್ರಿಯಿತ್ತು.

ಅಣ್ಣ ಬಂದ, ಚಹಾದ ಎರಡು ಗ್ಲಾಸು, ಒಂದನ್ನು ನನ್ನ ಮುಂದಿಟ್ಟ, ಎಷ್ಟಾತು ದಾಕ್ಷಿ ಅಂದ, ಮೂವತ್ತನಾಕ ಅಂದೆ. ಕಾಗದ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟೆ. ಮೊದಲ ಸಾಲಿಗೇ ಅವನ ಗ್ಲಾಸು ತುಟಿಯ ಹತ್ತಿರ ನಿಂತಿತು, ಮುಂದಿನದನ್ನು ಓದಲಿಲ್ಲ, ಓದಬೇಕಾಗಿಯೂ ಇರಲಿಲ್ಲ. ಹಳೇದೆಲ್ಲಾ ಅಳಸಂದಿದ್ನೆಲ್ಲ, ಅಂದ, ಮೆತ್ತಗೆ, ಬೈದಂತಲ್ಲ, ಬೇಡಿಕೊಂಡಂತೆ. ಕೈಬರಹ ಅಂದಿದ್ದಿ, ಅಂದೆ. ಆರು ವರ್ಷ ಆತಲ್ಲವಾ, ಈಗ್ಯಾಕ, ಅಂದ. ಹೊಸ್ತಿಲ ಮ್ಯಾಲ ಕುಂತ ಅತ್ತಿ ನೀ, ಅಂದೆ. ಖರೇನ ಅತ್ತೇನಿ ದಾಕ್ಷಿ, ಬರೀವಾಗ ಹಿಂಗ ಆಕ್ಕೈತಂತ ಅನ್ನಿಸಿರಲಿಲ್ಲ, ನೀ ಹುಕ್ಕೇರ್ಯಾಗ ಅಂಗಡಿ ಹಾಕಿದ್ರ ಇಲ್ಲಿ ಯಾರ ಕುಂಡರತಿದ್ರ ಹೇಳ, ಅಂಗಡಿ ತೆರದ ವರ್ಷ ಸೈತ ಆಗಿರಲಿಲ್ಲ, ನನಗೊಂದ ಅಕ್ಷರ ಬರಾಂಗಿಲ್ಲ, ಒಂದೆರಡ ವರ್ಷ ತಡದ್ರ ಬ್ಯಾರೆ ವರ ನೋಡಬಹುದು ಅಂದಕೊಂಡೆ. ಒಂದೆರಡು ವರ್ಷ. ಅಪ್ಪ ಸತ್ತ, ಅಣ್ಣನ ಮದುವೆಯಾಯಿತು, ಅದರ ಪತ್ರಿಕೆಯನ್ನೂ ನಾನೇ ಟೈಪು ಮಾಡಿದೆ. ಹೋಗಲಿ, ಅಂದೆ, ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು, ನನ್ನ ಬಾಳೇ ನಿಂದ ಅಂತ ತಿಳಕೊಂಡಿದ್ದಿ, ಸುಂದ್ರಿ ಏನ ಮಾಡಿದ್ಲು ನಿನಗ, ಆಕೀ ಹೆಸರ ಯಾಕ ಹೇಳಿದಿ. ಆಗ ಅವನು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ನಾ ಹೇಳಿಲ್ಲವಾ, ಅಂದ. ಯಾರಿಗರೆ ಗೊತ್ತೈತೇನ ಅಂತ ಕೇಳಿದ್ನಿ ಅಷ್ಟ. ಹೆಸರ ನೀನ ಹೇಳಿದಿ.

ಹೌದು, ನಾನೇ ಹೇಳಿದ್ದು. ಅವನು ರೊಟ್ಟಿ ಮುರಿಯುತ್ತಿದ್ದ, ನಾನು ತಾಟು ಸರಿಸಿ, ಸುಂದ್ರಿ, ಮತ್ತ ಯಾರ, ಆಕೀನ, ಅಂದೆ, ಅವನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ಅಲ್ಲ ಅನ್ನುವ ಒಂದು ಮಾತು ಅವನ ಬಾಯಲ್ಲಿತ್ತು, ಅದರ ಮೇಲೆ ರೊಟ್ಟಿಯ ತುತ್ತು ಇಟ್ಟುಕೊಂಡ. ನಾನು ಕಾಗದ ಮಡಚಿದೆ, ಚಪ್ಪಲಿ ಮೆಟ್ಟಿದೆ. ಎಲ್ಲಿಗವಾ ಅಂದ. ಮಮದಾಪುರಕ್ಕ. ಬರೂದ ಯಾವಾಗ ಅಂದ, ನಾನು ರಸ್ತೆಗಿಳಿದ ಮೇಲೆ ಹಿಂದಿನಿಂದ ಅವನ ದನಿ, ದಾಕ್ಷಿ, ಇದ ಏನೋ ಹೆಸರ ಕೇಳಾಕತ್ತೈತಿ, ನಂಬರ ಕೇಳಾಕತ್ತೈತಿ, ಏನ ಹೊಡೀಲಿ. ಏನಾದರೂ ಹೊಡಿ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು, ಅದು ಹೋಗುವಷ್ಟರಲ್ಲಿ ದನಿ ನಿಂತಿತ್ತು.

ಗೋಕಾಕದ ಬಸ್ಸು, ಕಿಟಕಿಯ ಬದಿ, ಅಲ್ಲಿಂದ ಮಮದಾಪುರಕ್ಕೆ ಇನ್ನೊಂದು ಬಸ್ಸು, ಅಂಗನವಾಡಿ ಬಿಟ್ಟಿರುತ್ತದೆ, ಮನೆ ಯಾವ ಓಣಿಯೋ, ಕೇಳಬೇಕು, ಬಾಗಿಲು ತೆಗೆದರೆ ಏನನ್ನಲಿ, ಸುಂದ್ರಿ ಅಂದರೆ ತಿರುಗಿ ನೋಡುತ್ತಾಳೆಯೇ, ತಿರುಗದಿದ್ದರೆ ಅದೂ ಸರಿಯೇ, ಕಾಗದವನ್ನಾದರೂ ಕೈಗಿಡುತ್ತೇನೆ, ಓದು, ಇದಕ್ಕೆ ನಿನ್ನನ್ನು ಬಿಟ್ಟೆ ಅನ್ನುತ್ತೇನೆ. ಬಿಚ್ಚಿ ಮತ್ತೊಮ್ಮೆ ಓದುತ್ತೇನೆ, ಕಣ್ಣು ರೂಢಿಯಿಂದ ತಪ್ಪು ಹುಡುಕುತ್ತದೆ, ಎಷ್ಟೊಂದು ತಪ್ಪು, ಹುಕ್ಕೇರಿಗೆ ಒತ್ತಿಲ್ಲ, ಮಗನಿಗೆಯಲ್ಲಿ ಗುಡಿಸಿಲ್ಲ, ಹಿತಚಿಂತಕನಲ್ಲಿ ಸೊನ್ನೆ ಇಲ್ಲ, ಏಳು ಸಾಲಿನಲ್ಲಿ ಹದಿನಾಲ್ಕು ತಪ್ಪು, ಕಠಿಣ ಪದಗಳಲ್ಲಿ ಒಂದೇ ಒಂದು ಸರಿಯಾಗಿದೆ, ಮೂರ್ಛೆ, ಎಷ್ಟು ಅಚ್ಚುಕಟ್ಟಾಗಿ, ಮಹಾಪ್ರಾಣದ ಸಮೇತ, ಇವನಿಗೆ ಇದು ಹೇಗೆ — ದಾಕ್ಷಿ, ಛ ಹೆಂಗ ಹೊಡೀಬೇಕ, ಹೊಟ್ಟಿ ಸೀಳಿದ ಛ, ಡಾಕ್ಟರರದ ಒಂದ ಹ್ಯಾಂಡಬಿಲ್ ಐತಿ, ಅಂದಿದ್ದ, ಆ ಫೆಬ್ರುವರಿಯ ಮಧ್ಯಾಹ್ನ, ನಾನು ಒಳಗೆ ಕಾಗದ ಎಣಿಸುತ್ತಿದ್ದವಳು ಎದ್ದು ಬಂದೆ, ಅವನು ಮೇಲಿನ ಸಾಲುಗಳ ಮೇಲೆ ಪೇಪರು ಅಡ್ಡ ಹಿಡಿದಿದ್ದ, ಬಿಸಿಲು ಬೀಳತೈತಿ ಅಂದ, ನಾನು ಅವನ ಭುಜದ ಮೇಲಿಂದ ಬಾಗಿದೆ, ಶಿಫ್ಟ್ ಹಿಡಿ ಅಣ್ಣಾ, ಚ ಐತೆಲ್ಲ, ಅದನ್ನ ಒತ್ತು, ಹಿಂಗ, ಅವನಿಗೆ ಬರಲಿಲ್ಲ, ನಾನು ನಕ್ಕೆ, ಅವನ ಬೆರಳಿನ ಮೇಲೆ ನನ್ನ ಬೆರಳಿಟ್ಟೆ, ಒತ್ತಿದೆ. ಪರದೆಯ ಮೇಲೆ ಛ ಬಂತು. ಬಂತ ನೋಡ ಅಂದೆ. ಅವನ ಬೆರಳು ತಣ್ಣಗಿತ್ತು, ಅದರ ಮೇಲೆ ನನ್ನ ಬೆರಳು, ಒತ್ತಿದ್ದು ನಾನು, ನನ್ನ ಬೆರಳು, ಛ.