ವೀಳ್ಯದ ಅಡಿಕೆ

ರಾತ್ರಿ ಹನ್ನೊಂದರ ಹೊತ್ತಿಗೆ ಜೆಟ್ ಎಂಜಿನ್ ಇಟ್ಟಿದ್ದ ಕಡೆಯಿಂದ ಟಿಕ್ ಎಂದು ಸಣ್ಣ ಸದ್ದು ಕೇಳಿಸಿತು. ಚನ್ನಗಿರಿಯ ಗ್ಯಾರೇಜೊಂದರಲ್ಲಿ ನಾನು, ಓಂಕಾರ ಸೇರಿ ಕಾಲೇಜಿನ ಪ್ರಾಜೆಕ್ಟಿಗೆಂದು ಹಳೆಯ ಲಾರಿಯ ಟರ್ಬೊದಿಂದ, ಅಂದರೆ ಎಂಜಿನ್ನಿಗೆ ಗಾಳಿ ತುಂಬುವ ಚಕ್ರದಿಂದ, ಕಟ್ಟಿದ ಎಂಜಿನ್ ಅದು. ಬೆಳಗ್ಗೆ ಪರೀಕ್ಷಕರ ಮುಂದೆ ಒಂದು ನಿಮಿಷ ಓಡಬೇಕಿತ್ತು. ಕಳೆದ ವರ್ಷ ಪ್ರಾಜೆಕ್ಟಿನಲ್ಲಿ ಫೇಲಾಗಿದ್ದ ಓಂಕಾರನಿಗೆ ಇದು ಕೊನೆಯ ಅವಕಾಶ.

“ಏನೋ ಸದ್ದಾತು,” ಎಂದೆ.

“ಮಿಕ್ಸಿ ತಿರುಗಿದ್ರೂ ಬೆಚ್ಚಿ ಬೀಳ್ತೀಯ ನೀನು. ಪೂಜೆ ಬ್ಯಾರೆ ಮಾಡೀಯ, ಇನ್ನೇನು ಆಗಾಕೆ ಐತೆ? ಮನಿಗೆ ನಡಿ ನೇತ್ರಾ,” ಎಂದು ನಕ್ಕ.

ಹೊಸ ಗಾಡಿಗೆ ಮಾಡುವಂತೆ ನಾನು ಸಂಜೆ ಎಂಜಿನ್ನಿಗೆ ಕುಂಕುಮ ಹಚ್ಚಿ, ಗಾಳಿ ಎಳೆದುಕೊಳ್ಳುವ ಬಾಯಿಯ ಅಂಚಿನಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟಿದ್ದೆ. ಬೆಳಗ್ಗೆ ಎಲೆ ತೆಗೆಯುವಾಗ ಅಡಿಕೆ ಕಾಣಲಿಲ್ಲ. ಇಲಿ ಒಯ್ದಿರಬೇಕು ಎಂದುಕೊಂಡೆ. ಕೇಳಿದರೆ ಮತ್ತೆ ನಗುತ್ತಾನೆಂದು ಸುಮ್ಮನಾದೆ.

ಪರೀಕ್ಷಕರು ಬಂದ ಮೇಲೆ ಗ್ಯಾಸ್ ಹೊತ್ತಿಸಿದ ಕೂಡಲೇ ಎಂಜಿನ್ ಶಿಳ್ಳೆ ಹಾಕತೊಡಗಿತು. ಓಂಕಾರನ ಮುಖ ಅರಳಿತು. ಅಷ್ಟರಲ್ಲೇ ಕರಕರ ಸದ್ದಾಗಿ ಅದು ನಿಂತುಹೋಯಿತು. ಬಗ್ಗಿ ನೋಡಿದರೆ ಒಳಗಿನ ಚಕ್ರದ ಬ್ಲೇಡುಗಳು ಮುರಿದಿದ್ದವು. ಪರೀಕ್ಷಕರು ಏನೋ ಬರೆದುಕೊಂಡು ಹೊರಟರು.

“ಚಕ್ರ ಬ್ಯಾಲೆನ್ಸ್ ಮಾಡಿದ್ದು ನಾನೇ ಅಲ್ವಾ? ನನ್ನ ಕೈಯಾಗೆ ಏನೂ ಆಗಲ್ಲ,” ಎಂದು ಓಂಕಾರ ನೆಲದ ಮೇಲೆ ಕೂತುಬಿಟ್ಟ. “ಓದೋದೇ ಬಿಟ್ಬಿಡ್ತೀನಿ.”

ನಾನು ಎಂಜಿನ್ ಬಿಚ್ಚಿ ಒಳಗೆ ಬೆರಳು ಹಾಕಿದೆ. ಅಲ್ಯೂಮಿನಿಯಂ ಚೂರುಗಳ ನಡುವೆ ಅಡಿಕೆಯ ಹೋಳೊಂದು ಸಿಕ್ಕಿತು. ಒಂದು ಮಾತು ಹೇಳಿದ್ದರೆ ಅವನ ತಪ್ಪಲ್ಲವೆಂದು ಅವನಿಗೆ ತಿಳಿಯುತ್ತಿತ್ತು. ಅವನು ಕಣ್ಣೊರೆಸಿಕೊಳ್ಳುವಾಗ ಹೋಳನ್ನು ವೇಲಿನ ತುದಿಗೆ ಗಂಟು ಹಾಕಿಕೊಂಡೆ. ಇದನ್ನು ಯಾರಿಗೂ ಹೇಳಬಾರದು, ಓಂಕಾರನಿಗಂತೂ ಹೇಳಲೇಬಾರದು ಎಂದು ಆಗಲೇ ತೀರ್ಮಾನಿಸಿದ್ದೆ.