ಅಕ್ಕನ ಪಾಲು

ತೊಂಬತ್ತೆಂಟರ ಸುಮಾರಿನಲ್ಲಿ ಗುಬ್ಬಿಯ ಷಡಕ್ಷರಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಅವನ ಕೈಗುಣ ತಾಲ್ಲೂಕಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ಮಾತ್ರ ಅದು ನಡೆಯಲಿಲ್ಲ. ಅವನಿಗೂ ಹೆಂಡತಿ ಗಂಗಾಂಬಿಕೆಗೂ ಎಣ್ಣೆ ಸೀಗೆಕಾಯಿ. ಜಗಳವಾಡಿ ಸುಸ್ತಾಗಿ ಇಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ? ಅದಕ್ಕೆ ಎಂಟು ವರ್ಷದ ಮಗಳು ಭೂಮಿಕಾ ಇದ್ದಳು.

“ಭೂಮಿಕಾ, ಗ್ಯಾಸ್ ಮುಗ್ದೈತೆ ಅಂತ ನಿಮ್ಮಪ್ಪಂಗೆ ಹೇಳು.”

“ನಾಳೆ ತರ್ತೀನಿ ಅಂತ ನಿಮ್ಮಮ್ಮಂಗೆ ಹೇಳು.”

ಇಬ್ಬರೂ ಕೂತಿರುತ್ತಿದ್ದುದು ಒಂದೇ ನಡುಮನೆಯಲ್ಲಿ! ಹುಡುಗಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಳು. ಅವಳ ಲಂಗ ಹಿಡಿದುಕೊಂಡು ಹಿಂದೆಯೇ ನಾಲ್ಕು ವರ್ಷದ ತಮ್ಮ ಉದಯ. ಯಾರು ಏನು ಕೊಟ್ಟರೂ ಅರ್ಧ ಮುರಿದು ಅಕ್ಕನಿಗೆ ಕೊಟ್ಟೇ ಬಾಯಿಗೆ ಹಾಕಿಕೊಳ್ಳುವವನು.

ಕೊನೆಗೆ ಗಂಡ ಹೆಂಡತಿ ಒಂದು ವಿಷಯದಲ್ಲಿ ಒಪ್ಪಿದರು. ಅದು ಬಿಡುಗಡೆ. ಅವರ ಕುಲದಲ್ಲಿ ಕೋರ್ಟು ಆಮೇಲೆ, ಮೊದಲು ಹಿರಿಯರ ಜಗಲಿ. ಕುಲದ ಹಿರಿಯ ಅಣ್ಣಯ್ಯಪ್ಪ ಎರಡೂ ಕಡೆಯವರನ್ನು ಕೂರಿಸಿಕೊಂಡು ಮಂಚ, ಬೀರು, ಪಾತ್ರೆ ಹಂಚಿದ. ಅದೇ ಉಸಿರಿನಲ್ಲಿ ಮಕ್ಕಳನ್ನೂ ಹಂಚಿದ.

“ಗಂಡು ಅಪ್ಪಂಗೆ, ಹೆಣ್ಣು ಅವ್ವಂಗೆ. ಹಿಂದಿನಿಂದ್ಲೂ ನಮ್ಮಲ್ಲಿ ಹಿಂಗೇ ನಡ್ಕೊಂಡು ಬಂದೈತೆ. ಅಲ್ಲಿಗಿಲ್ಲಿಗೆ ಓಡಾಡಿಸ್ಬ್ಯಾಡಿ, ಮಕ್ಳು ಹೊಂದ್ಕೊಳಲ್ಲ.”

ಗಂಗಾಂಬಿಕೆ ಎದ್ದು ನಿಂತಳು. “ಬಿಡುಗಡೆ ಬೇಕಾಗಿರೋದು ನಮ್ಮಿಬ್ರಿಗೆ. ಅಕ್ಕ ತಮ್ಮ ಏನ್ ಜಗಳ ಆಡವ್ರೆ? ಅವ್ರನ್ಯಾಕೆ ಬೇರೆ ಮಾಡ್ತೀರಾ?”

“ಹಿರಿಯರ ಮಧ್ಯೆ ಹೆಂಗಸ್ರು ಬಾಯಿ ಹಾಕ್ಬಾರ್ದು ಕಣಮ್ಮ,” ಎಂದಳು ಷಡಕ್ಷರಿಯ ತಾಯಿ ಹೊಂಬಾಳಮ್ಮ, ತಾನೂ ಹೆಂಗಸೆಂಬುದನ್ನು ಮರೆತು. “ನಮ್ಮ ವಂಶದ ಕುಡಿ ನಮ್ಮನೇಲೇ ಇರ್ಬೇಕು.”

ಎಲ್ಲರೂ ಷಡಕ್ಷರಿಯ ಮುಖ ನೋಡಿದರು. ಅವನು ನೆಲ ನೋಡಿದ. ಗಂಗಾಂಬಿಕೆ ಮಗಳೊಬ್ಬಳನ್ನೇ ಕರೆದುಕೊಂಡು ಸಿ.ಎಸ್. ಪುರದ ತವರಿಗೆ ಬಸ್ಸು ಹತ್ತಿದಳು.

ಉದಯ ಅಳಲಿಲ್ಲ. “ನೋಡ್ದಾ, ಎಷ್ಟು ಬೇಗ ಮರ್ತ!” ಎಂದು ಹೊಂಬಾಳಮ್ಮ ಹಿಗ್ಗಿದಳು. ಮಗು ಸುಮ್ಮನಿದ್ದರೆ ಸುಖವಾಗಿದೆ ಎಂದು ತಿಳಿಯುವ ದೊಡ್ಡವರಿಗೆ ಏನು ಹೇಳೋಣ! ಹುಡುಗ ದಿನದಿನಕ್ಕೂ ಸೊರಗಿದ. ಒಂದು ಬೆಳಿಗ್ಗೆ ಅಜ್ಜಿ ಅವನ ಬೆನ್ನಿಗೆ ಗುದ್ದುತ್ತಿದ್ದಳು. “ಬಟ್ಟೆ ತುಂಬಾ ಇರುವೆ! ಹಾಸಿಗೆ ಕೆಳಗೆಲ್ಲಾ ಕಸ ತುಂಬವ್ನೆ!”

ಷಡಕ್ಷರಿ ಹಾಸಿಗೆ ಎತ್ತಿದ. ಅರ್ಧ ಬಿಸ್ಕತ್ತುಗಳು, ಅರ್ಧ ಚಕ್ಕುಲಿ, ಒಣಗಿ ಕಪ್ಪಾದ ಅರ್ಧ ಬಾಳೆಹಣ್ಣು.

“ಯಾಕೋ ಮರಿ, ಪೂರ್ತಿ ತಿನ್ಬಾರ್ದಾ?”

“ಅದು ಅಕ್ಕಂದು. ಅಕ್ಕ ಯಾವಾಗ ಬತ್ತಾಳೆ?”

ಅಂದು ಜಗಲಿಯಲ್ಲಿ ಬಾಯಿ ಬಿಡದ ಷಡಕ್ಷರಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅವನು ಮಗನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದ.

ಹೊಂಬಾಳಮ್ಮ ಹೇಳಿ ಕಳಿಸಿದ್ದೇ ತಡ, ಅಣ್ಣಯ್ಯಪ್ಪ ಬಂದು ಬಾಗಿಲಿಗೆ ಅಡ್ಡ ನಿಂತ. “ಏನಯ್ಯಾ, ಹಿರಿಯರ ಮಾತಿಗೆ ಬೆಲೆ ಇಲ್ವಾ? ಮನೇಗೆ ಗಂಡು ಬೇಡ್ವಾ?”

“ಮಂಚ ಬೀರು ಹಂಚಿದ್ರಿ, ಸರಿ. ಮಕ್ಳನ್ನ ಹಂಚಿದಾಗ ನಾನು ಬೇಡ ಅನ್ಬೇಕಿತ್ತು. ಇನ್ಮೇಲೆ ಇಬ್ರೂ ಒಂದೇ ಕಡೆ, ಅವ್ರಮ್ಮನ ಹತ್ರ ಇರ್ತಾರೆ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ.”

“ಕುಲದಿಂದ ಹೊರಗೆ ಹಾಕ್ತೀವಿ!”

“ಹಾಕಿ,” ಎಂದ ಷಡಕ್ಷರಿ. ಮಗನನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟ.

ಸಿ.ಎಸ್. ಪುರದ ಮನೆಯಂಗಳದಲ್ಲಿ ಭೂಮಿಕಾ ನೀರಿನ ಬಿಂದಿಗೆಯನ್ನು ಹಾಗೇ ಬಿಟ್ಟು ಓಡಿಬಂದಳು. ಉದಯ ಜೇಬಿನಿಂದ ಪುಡಿಯಾದ ಚಕ್ಕುಲಿ ತೆಗೆದು ಚಾಚಿದ. “ಏನೋ, ಇಷ್ಟೊಂದು ಪುಡಿ ಮಾಡಿದೀಯಾ!” ಎಂದು ಗದರಿ, ಜಗಲಿಯ ಮೇಲೆ ಅವನ ಪಕ್ಕದಲ್ಲೇ ಕೂತು ಅವಳು ತಿಂದಳು.

ಗಂಗಾಂಬಿಕೆ ಬಾಗಿಲಲ್ಲಿ ನಿಂತಿದ್ದಳು. ಬಿಡುಗಡೆ ಬೇಕೆಂಬುದರಲ್ಲಿ ಇಬ್ಬರಿಗೂ ಈಗಲೂ ಅನುಮಾನವಿರಲಿಲ್ಲ. ಷಡಕ್ಷರಿ ಅಭ್ಯಾಸಬಲದಿಂದ, “ಭೂಮಿಕಾ, ನಿಮ್ಮಮ್ಮಂಗೆ ಹೇಳು…” ಎಂದ.

ಹುಡುಗಿ ಬಾಯಲ್ಲಿದ್ದುದನ್ನು ಗಬಕ್ಕನೆ ನುಂಗಿ ಎದ್ದು ನಿಂತಳು.

“ನೀನು ಕೂತ್ಕೊಂಡು ತಿನ್ನು ಮಗಳೇ,” ಎಂದು ಷಡಕ್ಷರಿ ತಾನೇ ಬಾಗಿಲ ತನಕ ನಡೆದ. “ಗಂಗಾ, ಭಾನುವಾರ ಬರ್ತೀನಿ. ಮಕ್ಕಳ ವಿಷಯ ಇನ್ಮೇಲೆ ನಾವಿಬ್ರೇ ಮಾತಾಡ್ಕೊಳ್ಳೋಣ.”

“ಬನ್ನಿ,” ಎಂದಳು ಗಂಗಾಂಬಿಕೆ, ಅವನ ಮುಖ ನೋಡಿಯೇ.