ಕೂತವರ ಕೈಗೆಟುಕುವ ನಲ್ಲಿ

ಈಳಿಗೆ ಮಣೆಯ ಕಬ್ಬಿಣಕ್ಕೆ ಹುಳಿ ಮಾವಿನಕಾಯಿ ತಾಗಿದರೆ ಒಂದು ವಾಸನೆ ಬರುತ್ತದೆ. ದಾವಣಗೆರೆಯ ನಮ್ಮ ನಡುಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅಮ್ಮ ಮೂವರೂ ಎದುರುಬದುರು ಕೂತು ಹೆಚ್ಚುತ್ತಿದ್ದಾಗ ನಾನು ಆ ವಾಸನೆಗೇ ಓಡಿ ಬರುತ್ತಿದ್ದೆ. ಹೋಳಿನ ಆಸೆ ಆಮೇಲಿನದು. ಐವತ್ತು ವರ್ಷದ ನಂತರ ವಿಜಯವಾಡದ ಒಂದು ತಗಡಿನ ಶೆಡ್ಡಿನಲ್ಲಿ ಅದೇ ವಾಸನೆ ನನಗೊಂದು ಕಳ್ಳತನ ಹಿಡಿದುಕೊಟ್ಟಿತು.

ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ನಮ್ಮ ಯಜಮಾನರು ನರಹರಿ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಯಾವ ಯಂತ್ರ ಎಲ್ಲಿರಬೇಕು, ಯಾವ ಸಾಮಾನು ಯಾವ ದಾರಿಯಲ್ಲಿ ಹೋದರೆ ಹೊತ್ತು ಉಳಿಯುತ್ತದೆ ಎಂದು ನಕ್ಷೆ ಹಾಕುವುದು ಅವರ ಕೆಲಸವಾಗಿತ್ತು. ಮಗಳು ಗಿರಿಜಾಳಿಗೆ ಬ್ಯಾಂಕಿನಿಂದ ವಿಜಯವಾಡಕ್ಕೆ ವರ್ಗವಾದಾಗ ನಾವೂ ಅವಳ ಜೊತೆ ಬಂದೆವು. ಇಲ್ಲಿ ಸಮುದ್ರದ ಗಾಳಿ ಇಲ್ಲ, ಇವರಿಗೆ ಕೆಲಸವೂ ಇಲ್ಲ. ನನ್ನ ಅಡುಗೆಮನೆಯ ಡಬ್ಬಿಗಳನ್ನೇ ಮೂರು ಸಲ ಜಾಗ ಬದಲಿಸಿದರು.

"ರೀ, ನನ್ನ ಸಾಸಿವೆ ಬಿಟ್ಟು ಬೇರೆ ಯಾರದಾದರೂ ಹುಡುಕಿಕೊಳ್ಳಿ," ಎಂದೆ.

ಸಿಕ್ಕಿದವರು ಪಕ್ಕದ ಮನೆಯ ಭ್ರಮರಾಂಬ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಗಂಡ ದೊಡ್ಡಾಸ್ಪತ್ರೆಯಲ್ಲಿದ್ದಾಗ ಒಂಬತ್ತು ದಿನ ಬರೀ ಬನ್ನು ತಿಂದು ಕಾದಿದ್ದರಂತೆ. ಆಮೇಲೆ ಆರು ಜನ ಹೆಂಗಸರನ್ನು ಸೇರಿಸಿಕೊಂಡು, ಹಳ್ಳಿಗಳಿಂದ ರೋಗಿಗಳ ಜೊತೆ ಬರುವವರಿಗೆ ದಿನವೂ ಮಧ್ಯಾಹ್ನದ ಊಟ ಮಾಡಿ ಹಾಕುತ್ತಿದ್ದರು. ಬಡಿಸಲು ಆಸ್ಪತ್ರೆಯ ಜಗಲಿ ಕೊಟ್ಟಿದ್ದರು, ಹನ್ನೆರಡೂವರೆಯಿಂದ ಒಂದರವರೆಗೆ. ಒಂದಕ್ಕೆ ವಾರ್ಡಿನ ಬಾಗಿಲು ಹಾಕುತ್ತಾರೆ. ಅಷ್ಟರಲ್ಲಿ ಒಳಗೆ ಹೋಗದವರು ಸಂಜೆಯವರೆಗೆ ಹೊರಗೇ. ಹಾಗಾಗಿ ಅಡುಗೆ ತಡವಾದ ದಿನ ಜನ ಉಪವಾಸವೇ ಎದ್ದು ಹೋಗುತ್ತಿದ್ದರು. ಈಚೆಗೆ ಅದು ವಾರಕ್ಕೆ ಮೂರು ದಿನ ಆಗುತ್ತಿತ್ತು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಜಗಲಿ ಬಿಡಬೇಕೆಂದು ಆಸ್ಪತ್ರೆಯ ಅಧಿಕಾರಿ ಸೂರ್ಯಪ್ರಕಾಶ ಕಾಗದ ಬರೆದಿದ್ದರು.

"ಜಗಲಿ ಹೋದರೆ ಎಲ್ಲ ನಿಂತ ಹಾಗೇ ಅಂಡಿ," ಎಂದರು ಭ್ರಮರಾಂಬ. ತೆಲುಗಿನ 'ಅಂಡಿ' ನಮ್ಮ 'ರೀ' ಇದ್ದ ಹಾಗೆ.

ನಮ್ಮವರು ಮಾರನೆಯ ದಿನವೇ ಅಳತೆ ಟೇಪು ಹಿಡಿದು ಆ ಹೆಂಗಸರು ಅಡುಗೆ ಮಾಡುವ ತಗಡಿನ ಶೆಡ್ಡಿಗೆ ಹೋದರು. ಎರಡು ದಿನ ನಕ್ಷೆ ಹಾಕಿದರು. ಎತ್ತರದ ಮೇಜುಗಳು, ಗೋಡೆಗೆ ಮುಖಮಾಡಿ ಸಾಲಾಗಿ ನಿಂತ ಹೆಂಗಸರು, ಪ್ರತಿಯೊಬ್ಬರಿಗೂ ಒಂದೊಂದು ನಂಬರು, ಒಂದೊಂದು ಚಾಕು. ಮರದ ಗೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಯ ಬಡಗಿ ಕಾಮೇಶ್ವರ ಮೇಜು ಮಾಡಿಕೊಟ್ಟ. "ಆನೆ ಅಂಬಾರಿ ಕೇಳಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು ಸಾರ್," ಎಂದು ಬೇರೆ ಹೇಳಿದ.

ಸಂಜೆ ಇವರ ಮುಖದಲ್ಲಿ ಬೆಳಕೋ ಬೆಳಕು. "ಸುಶೀಲಾ, ಒಬ್ಬರೂ ತಕರಾರು ತೆಗೀಲಿಲ್ಲ ಕಣೇ! ಕಾರ್ಖಾನೇಲಿ ಒಂದು ಬೋಲ್ಟ್ ಜರುಗಿಸಿದರೂ ಫೋರ್‌ಮನ್ ಕೂಗಾಡ್ತಿದ್ದ. ಇಲ್ಲಿ ಏನು ಹೇಳಿದರೂ 'ಅಲಾಗೇ ಅಂಡಿ.'"

ಹಾಗೇ ಆಗಲಿ ಎಂದು ಅರ್ಥ. ಅಷ್ಟೊಂದು ಸಲ ಹಾಗೇ ಆಗಲಿ ಎಂದರೆ ನನಗೇಕೋ ಅನುಮಾನ.

ಮೊದಲ ದಿನ ಊಟ ಜಗಲಿ ತಲುಪಿದಾಗ ಒಂದು ಗಂಟೆ ಐದು ನಿಮಿಷ. ಜಗಲಿ ಖಾಲಿ. ಭ್ರಮರಾಂಬ ಸೌಟು ಹಿಡಿದುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಇವರು ಆ ದಿನ ಮನೆಯಲ್ಲಿ ಊಟ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನೇ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಆ ವಾಸನೆ. ಒಳಗೆ ಆರೂ ಜನ ಹೆಂಗಸರು ನೆಲದ ಮೇಲೆ ಸುತ್ತ ಕೂತು, ಈಳಿಗೆ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಮಾವಿನಕಾಯಿಯನ್ನೂ ಸೋರೆಕಾಯಿಯನ್ನೂ ಹೆಚ್ಚುತ್ತಿದ್ದರು. ಚಾಕು ಹಿಡಿಯಬೇಕಿಲ್ಲವಾದ್ದರಿಂದ ಎರಡು ಕೈಯೂ ತರಕಾರಿಗೇ, ಮಾತೂ ಮುಗಿಯದ್ದು. ಹೊರಗೆ ಇವರ ಸ್ಕೂಟರ್ ಸದ್ದಾಯಿತು ನೋಡಿ! ಮಣೆಗಳೆಲ್ಲ ಅಕ್ಕಿ ಮೂಟೆಯ ಹಿಂದೆ ಹೋದವು. ಆರೂ ಜನ ಎದ್ದು ಮೇಜಿನ ಮುಂದೆ ತಂತಮ್ಮ ನಂಬರಿಗೆ ನಿಂತರು.

ನಾನು ನಕ್ಕುಬಿಟ್ಟೆ. "ಬೇಡ ಅಂತ ಒಂದು ಮಾತು ಹೇಳಬಾರದೇನಮ್ಮಾ?"

ಅವರಲ್ಲಿ ಕಡಿಮೆ ಮಾತಿನವಳು ಹೈಮಾವತಿ. ತಲೆ ತಗ್ಗಿಸಿಯೇ ಹೇಳಿದಳು: "ದೊಡ್ಡವರು. ಬಿಸಿಲಲ್ಲಿ ಬಂದು ನಮಗೋಸ್ಕರ ಕಷ್ಟಪಡ್ತಾರೆ. ಅಂಥವರಿಗೆ ಬೇಡ ಅಂತ ಹೇಗೆ ಹೇಳೋದು, ಸುಶೀಲಮ್ಮಗಾರು?"

ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಆಮೇಲೆ ಚಪ್ಪಲಿ ಬಿಟ್ಟು, ಮಂಡಿ ಹಿಡಿದುಕೊಂಡು, ಮೆಲ್ಲಗೆ ನೆಲಕ್ಕೆ ಇಳಿದು ಕೂತರು.

"ಮಣೆ ತೆಗಿಯಮ್ಮಾ. ನನಗೂ ತೋರಿಸು."

ಸೋರೆಕಾಯಿಯ ಮೊದಲ ಹೋಳು ಹಾರಿ, ಒಲೆಯ ಹತ್ತಿರ ನಿಂತಿದ್ದ ಭ್ರಮರಾಂಬರ ಸೆರಗಿಗೆ ಬಿತ್ತು.

"ಸಾರ್, ಉಕ್ಕನ್ನೂ ಹೀಗೇ ಕತ್ತರಿಸ್ತಿದ್ರಾ?" ಎಂದಳು ಹೈಮಾವತಿ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಇವರೂ ನಕ್ಕರು. ಆ ನಗುವಿನಲ್ಲಿ ಹೆಂಗಸರ ಅಂಜಿಕೆ ಹೋಯಿತು. ಹೇಳದೆ ಇಟ್ಟುಕೊಂಡದ್ದೆಲ್ಲ ಒಂದೊಂದಾಗಿ ಹೊರಬಂತು.

ಇವರು ಆ ಬೆಳಿಗ್ಗೆ ಪೂರ್ತಿ ಅಲ್ಲೇ ಕೂತು ನೋಡಿದರು. ಹೆಚ್ಚುವುದರಲ್ಲಿ ತಡವೇ ಇರಲಿಲ್ಲ. ಇದ್ದದ್ದು ಹಿತ್ತಿಲಿನ ಒಂದೇ ನಲ್ಲಿ. ಅಕ್ಕಿ ತೊಳೆಯಲು, ತರಕಾರಿ ತೊಳೆಯಲು, ಪಾತ್ರೆ ತೊಳೆಯಲು ಎಲ್ಲರೂ ಅಲ್ಲಿಗೇ ಹೋಗಿ ಸಾಲು ನಿಲ್ಲಬೇಕಿತ್ತು. ಹೈಮಾವತಿ ಒಬ್ಬಳೇ ಹನ್ನೊಂದು ಸಲ ಎದ್ದು ಹೋಗಿ ಬಂದಳು.

"ನಾನು ಅವರನ್ನ ಎಬ್ಬಿಸಿ ನಿಲ್ಲಿಸಿದೆ," ಎಂದರು ಮನೆಗೆ ಬಂದು. "ನೀರನ್ನ ಅವರ ಹತ್ತಿರ ಕೂರಿಸಬೇಕಿತ್ತು."

ನಾಲ್ಕು ದಿನದಲ್ಲಿ ಹೊಸ ನಕ್ಷೆ ಕೆಲಸಕ್ಕೆ ಬಂತು. ಬೆಳಗಿನ ಜಾವ ನೀರು ಬಂದಾಗಲೇ ತುಂಬಿಡಲು ಮೂರು ಪೀಪಾಯಿ, ಇಟ್ಟಿಗೆಯ ಮೇಲೆ. ಅಲ್ಲಿಂದ ಶೆಡ್ಡಿನೊಳಗೆ ಪೈಪು, ಕೂತವರ ಕೈಗೆಟುಕುವ ಎತ್ತರದಲ್ಲಿ ಮೂರು ನಲ್ಲಿ. ಎಷ್ಟು ಎತ್ತರ ಎಂದು ಹೇಳಿದವಳು ಹೈಮಾವತಿ. ಇವರು ಸೀಮೆಸುಣ್ಣದಲ್ಲಿ ಗುರುತು ಹಾಕಿದರಷ್ಟೆ. ಎತ್ತರದ ಮೇಜುಗಳು ಜಗಲಿಗೆ ಹೋದವು, ಬಡಿಸುವುದಕ್ಕೆ. ಈಗ "ಅಲಾಗೇ ಅಂಡಿ" ಎಂದವರನ್ನೆಲ್ಲ ಇವರು "ನಿಜವಾಗಿಯೂ?" ಎಂದು ಇನ್ನೊಮ್ಮೆ ಕೇಳುತ್ತಿದ್ದರು.

ತಿಂಗಳ ಕೊನೆಯ ದಿನ ಸೂರ್ಯಪ್ರಕಾಶ ತಾವೇ ಜಗಲಿಗೆ ಬಂದು ನಿಂತರು. ನಮ್ಮವರು ಗೇಟಿನ ಹತ್ತಿರ, ಕೈಯಲ್ಲಿ ಗಡಿಯಾರ. ಹನ್ನೆರಡು ಇಪ್ಪತ್ತಕ್ಕೆ ಆಟೋ ಒಳಗೆ ಬಂತು. ಮುಚ್ಚಳ ತೆಗೆದಾಗ ಮಾವಿನಕಾಯಿ ತೊವ್ವೆಯ ಹಬೆ ಜಗಲಿ ತುಂಬ ಹರಡಿತು. ಒಂದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಮುದುಕರೊಬ್ಬರು ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ನಿಧಾನವಾಗಿ ನಡೆದು ವಾರ್ಡಿಗೆ ಹೋದರು. ಬಾಗಿಲು ಆಮೇಲೆ ಮುಚ್ಚಿತು.

"ಜಗಲಿ ನಿಮ್ಮದೇ ಅಮ್ಮಾ," ಎಂದರು ಸೂರ್ಯಪ್ರಕಾಶ. ಭ್ರಮರಾಂಬ ಅವರಿಗೇ ಒಂದು ಸೌಟು ಅನ್ನ ಬಡಿಸಿಬಿಟ್ಟರು.

ನಮ್ಮವರು ಇನ್ನೂ ಗೇಟಿನಲ್ಲೇ ಇದ್ದರು. ಆ ಊಟ ರೋಗಿಗಳ ಕಡೆಯವರಿಗೆ ಎಂದು ಒಂದು ದಿನವೂ ಅಲ್ಲಿ ಉಂಡಿರಲಿಲ್ಲ. ರುಚಿ ನೋಡಿದ್ದು ಒಂದೇ ಸಲ, ಮೊದಲ ದಿನ. ಖಾರಕ್ಕೆ ಬಿಕ್ಕಳಿಕೆ ಬಂದು ಎರಡು ಚೊಂಬು ನೀರು ಕುಡಿದಿದ್ದರು. ಅದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೆ.

ಹೈಮಾವತಿ ಆಟೋದ ಹಿಂದಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದಳು. ಅವಳು ಮನೆಯಿಂದಲೇ ಮಾಡಿಕೊಂಡು ಬಂದದ್ದು. ಅನ್ನ, ಮೆಣಸಿನಕಾಯಿ ಹಾಕದ ತೊವ್ವೆ, ಮೂಲೆಯಲ್ಲಿ ಒಂದು ಚೂರು ಬೆಲ್ಲ. ಇವರ ಕೈಯಿಂದ ಗಡಿಯಾರ ತೆಗೆದುಕೊಂಡು, ಆ ಜಾಗದಲ್ಲಿ ಡಬ್ಬಿ ಇಟ್ಟಳು.